ಆಚೆಯವರ ಅಂಕಿ

ಮಾರ್ಚ್ 3, ಸೋಮವಾರ

ಹೊಸ ಕೆಲಸ, ಹೊಸ ದಿನಚರಿ. ಮೂವತ್ತೆಂಟನೇ ವಯಸ್ಸಿನಲ್ಲಿ ಎರಡೂ ಒಟ್ಟಿಗೆ ಬಂದಿವೆ. ಅಪ್ಪ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅವನ ಕುಂಚ ಹಿಡಿದೇ ಬೆಳೆದವಳು ನಾನು. ಇಷ್ಟು ವರ್ಷ ಗಾಡಿಗಳ ನಂಬರ್ ಪ್ಲೇಟು ಬರೆದೆ. ಈಗ ಅದನ್ನೂ ಯಂತ್ರವೇ ಅಚ್ಚು ಹಾಕುತ್ತದೆ. ತಂಗಿ ಸೇರಿರುವ ಮುಚ್ಚಳದ ಕಾರ್ಖಾನೆಯಲ್ಲಿ ಅಂಕಿ ದುಂಡಗೆ ಬರೆಯುವವರು ಬೇಕು ಅಂದರಂತೆ, ಹೋದೆ. ಮ್ಯಾನೇಜರು ಒಂದು ಎಂಟು ಬರೆಸಿ ನೋಡಿ, "ಎಂಟು ಅಂದ್ರೆ ಹೀಗಿರ್ಬೇಕು" ಅಂದರು. ಒಂದು ಎಂಟಕ್ಕೆ ಕೆಲಸ ಸಿಕ್ಕಿತು. ಇಷ್ಟು ಸಲೀಸಾಗಿ ನನ್ನ ಬಾಳಿನಲ್ಲಿ ಬೇರೇನೂ ಸಿಕ್ಕಿದ್ದಿಲ್ಲ.

ತಗಡಿನಿಂದ ಡಬ್ಬಿಯ ಮುಚ್ಚಳ ಒತ್ತುವ ಆರು ಯಂತ್ರಗಳಿವೆ. ಆರೂ ಆಚೆಯವು. ಆಚೆ ಅಂದರೆ ಸಮುದ್ರದಾಚೆಯ ಸಿರಿವಂತ ದೇಶ. ಅಲ್ಲಿ ಹಳತಾಗಿ ಇಲ್ಲಿಗೆ ಬಂದು ಹೊಸತಾಗಿವೆ. ನಾವು ಒತ್ತಿದ ಮುಚ್ಚಳ ಮತ್ತೆ ಹಡಗು ಹತ್ತಿ ಆಚೆಗೇ ಹೋಗುತ್ತದೆ. ಯಂತ್ರದ ಎರಡು ಪಕ್ಕದಲ್ಲಿ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಬೀಳುತ್ತದೆ. ಕೈ ಗುಂಡಿಯ ಮೇಲಿದ್ದರೆ ಅಚ್ಚಿನಡಿ ಇರಲಾರದಲ್ಲ, ಅದಕ್ಕೆ. ಇದನ್ನು ಕಂಡುಹಿಡಿದವನ ಹೊಟ್ಟೆ ತಣ್ಣಗಿರಲಿ.

ತಂಗಿ ನಾಲ್ಕನೆಯ ಯಂತ್ರದಲ್ಲಿದ್ದಾಳೆ. ನನಗಿಂತ ಹನ್ನೊಂದು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ನನಗಿಂತ ಹಿರಿದು. ಮನೆಗೆ ಬಂದ ಕೂಡಲೇ ಹೊಸ್ತಿಲ ಮೇಲೆ ಕೂತು ಬೆರಳುಗಳ ನೆಟಿಗೆ ಮುರಿಯುತ್ತಾಳೆ. ಲಟ, ಲಟ, ಲಟ. ಹತ್ತು ಬೆರಳಿಗೆ ಹತ್ತು. "ಯಾರ ಮೇಲಿನ ಸಿಟ್ಟೋ, ಬೆರಳಿನ ಮೇಲೆ ತೀರಿಸ್ಕೋ" ಅಂತ ಅಮ್ಮ ಒಳಗಿನಿಂದಲೇ ಗೊಣಗುತ್ತಾಳೆ. ನನಗೆ ಆ ಸದ್ದು ಇಷ್ಟ. ಹತ್ತು ಕೇಳಿದ ಮೇಲೇ ನಮ್ಮ ಮನೆಯಲ್ಲಿ ಸಂಜೆಯಾದ ಲೆಕ್ಕ.

ಮಾರ್ಚ್ 5, ಬುಧವಾರ

ಮ್ಯಾನೇಜರು ಗೋಡೆಯಗಲದ ಕಪ್ಪು ಹಲಗೆ ತರಿಸಿದ್ದಾರೆ. ಎಡಕ್ಕೆ "ನಾವು", ಬಲಕ್ಕೆ "ಆಚೆಯವರು". ಒಂದು ಯಂತ್ರ ಗಂಟೆಗೆ ಸರಾಸರಿ ಎಷ್ಟು ಮುಚ್ಚಳ ಒತ್ತಿತು ಅಂತ ಎಡಗಡೆ ದಿನಾ ಒರೆಸಿ ಬರೆಯಬೇಕು. ಬಲದ್ದು ಒಮ್ಮೆ ಬರೆದರೆ ಮುಗಿಯಿತು.

"ಅವರದು ಎಷ್ಟು?" ಅಂತ ಕೇಳಿದೆ.

"ನನಗೇನು ಗೊತ್ತು? ಹುಡುಕಿ ಬರೀರಿ. ಈ ಯಂತ್ರದಲ್ಲೇ ತಾನೇ ಅವರೂ ಒತ್ತಿದ್ದು."

ಕಾಗದಪತ್ರಗಳಲ್ಲಿ ಎಲ್ಲೂ ಇರಲಿಲ್ಲ. ಕೊನೆಗೆ ನನಗೇ ಹೊಳೆಯಿತು. ನಾಲ್ಕನೆಯ ಯಂತ್ರದ ಮಗ್ಗುಲಲ್ಲಿ ಅಂಗೈಯಗಲದ ಹಿತ್ತಾಳೆ ಫಲಕವಿದೆ. ಸೀಮೆಎಣ್ಣೆ ಹಾಕಿ ಉಜ್ಜಿದೆ. ಓದಲು ಬಾರದ ಅಕ್ಷರಗಳ ನಡುವೆ ಓದಲು ಬರುವ ಅಂಕಿ: 940. ಪಕ್ಕದಲ್ಲೊಂದು ಪುಟ್ಟ ಗಡಿಯಾರದ ಚಿತ್ರ. ಗಂಟೆಗೆ 940! ಫಲಕದ ಪಕ್ಕದಲ್ಲಿ ಹಸಿರು ಬಣ್ಣ ಬೇರೆಡೆಗಿಂತ ದಪ್ಪಗಿತ್ತು, ಅಡಿಯಲ್ಲಿ ಏನೋ ಗೀಚಿದ ಹಾಗೆ ಬೆರಳಿಗೆ ತಾಗಿತು. ಎಷ್ಟು ಉಜ್ಜಿದರೂ ಏನೆಂದು ತಿಳಿಯಲಿಲ್ಲ. ಬಿಟ್ಟೆ.

ಕೆಂಪು ಬಣ್ಣದಲ್ಲಿ 940 ಬರೆದೆ. ಹುಡುಕಿ ತೆಗೆದದ್ದಕ್ಕೆ ಮ್ಯಾನೇಜರು ಎಲ್ಲರೆದುರು ನನ್ನನ್ನು ಹೊಗಳಿ, ಸ್ಟೂಲು ಹತ್ತಿ ಮಾತಾಡಿದರು. "ಈ ಎರಡು ಅಂಕಿ ಸಮ ಆದ ದಿನ ಆಚೆಯವರಿಗೆ ಇರೋದೆಲ್ಲ ನಿಮಗೂ ಬರುತ್ತೆ. ಕೂತು ಕೆಲಸ ಮಾಡೋಕೆ ಕುರ್ಚಿ, ವಾರಕ್ಕೆ ಎರಡು ದಿನ ರಜ, ಅವರ ಸಂಬಳ. ಅವರೇನು ಮೇಲಿಂದ ಇಳಿದು ಬಂದೋರಾ? ಮುಂಚೆ ಹೊರಟೋರು, ಅಷ್ಟೇ." ಎಲ್ಲರೂ ಚಪ್ಪಾಳೆ ಹೊಡೆದೆವು. ತಂಗಿ ಶಿಳ್ಳೆ ಹೊಡೆದಳು.

ಮನೆಯಲ್ಲಿ ಹೇಳಿದರೆ ಅಮ್ಮ, "ಹುಲೀನ ನೋಡಿ ನರಿ ಬರೆ ಹಾಕ್ಕೊಳ್ತಂತೆ. ಸುಟ್ಟಿದ್ದು ನರಿ ಮೈನೇ, ಹುಲೀದಲ್ಲ" ಅಂದಳು. ಅಮ್ಮನಿಗೆ ಒಳ್ಳೆಯ ಸುದ್ದಿ ಜೀರ್ಣವಾಗುವುದಿಲ್ಲ.

ಮಾರ್ಚ್ 19, ಬುಧವಾರ

ನಮ್ಮದು 410. ಅವರ ಅರ್ಧವೂ ಇಲ್ಲ. ಬರೆಯುವಾಗ ನನಗೇ ನಾಚಿಕೆ.

ಇವತ್ತು ತಂಗಿಯ ಜೊತೆ ಜಗಳ. ಬಲಗಡೆಯ ಗುಂಡಿಗೆ ಬಟ್ಟೆಯ ಪಟ್ಟಿ ಬಿಗಿದು ಕಟ್ಟಿಬಿಟ್ಟಿದ್ದಳು. ಹಾಗೆ ಮಾಡಿದರೆ ಅದು ಸದಾ ಒತ್ತಿದಂತೆಯೇ ಇರುತ್ತದೆ. ಎಡಗೈ ಇನ್ನೊಂದು ಗುಂಡಿಯ ಮೇಲೆ, ಬಲಗೈ ಬಿಡುವಾಗಿ ಅಚ್ಚಿನಡಿ ತಗಡು ಇಡುತ್ತ ತೆಗೆಯುತ್ತ ಇತ್ತು. ಪಟ್ಟಿ ಕಿತ್ತುಕೊಂಡು ಎಲ್ಲರೆದುರೇ ಕೂಗಾಡಿದೆ. "ಮತ್ತೆ ಚಿಗುರೋಕೆ ಬೆರಳೇನು ಬಳ್ಳಿ ಅಂದ್ಕೊಂಡ್ಯೇನೇ?"

"ಆಚೆಯವರಿಗೂ ಎರಡೇ ಕೈ ಅಲ್ವಾ? ಎರಡು ಗುಂಡಿನೂ ಒತ್ಕೊಂಡು 940 ಮಾಡೋಕಾಗುತ್ತಾ? ಅವರೂ ಕಟ್ಕೊಂಡೇ ಮಾಡಿರ್ಬೇಕು" ಅಂದಳು.

ಪಟ್ಟಿಯನ್ನು ಮನೆಗೆ ತಂದು ಒಲೆಗೆ ಹಾಕಿದೆ.

ಏಪ್ರಿಲ್ 11, ಶುಕ್ರವಾರ

545. ಈಗ ಎಲ್ಲರೂ ಊಟಕ್ಕೆ ಕೂರುವುದು ಹಲಗೆಯ ಕಡೆ ಮುಖ ಮಾಡಿಕೊಂಡೇ. ನನಗೆ "ಹಲಗೆಯಕ್ಕ" ಅಂತ ಹೆಸರು ಬಿದ್ದಿದೆ. ಬಾಗಿಲು ಹಾಕುವ ಹೊತ್ತಿಗೆ ನಾನು ಕುಂಚ ಅದ್ದಿದರೆ ಮೂವತ್ತು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಬೇಕೆಂದೇ ಮೊದಲಂಕಿ ಬರೆದು ಸ್ವಲ್ಪ ಹೊತ್ತು ತಡೆಯುತ್ತೇನೆ. "ಬರಿಯಕ್ಕಾ, ಜೀವ ಹೋಗ್ತಿದೆ" ಅನ್ನುತ್ತಾರೆ. ಅಪ್ಪ ಇಡೀ ಪೇಟೆಯ ಬೋರ್ಡು ಬರೆದರೂ ಅವನನ್ನು ಹೀಗೆ ಯಾರೂ ಕಾದಿರಲಿಲ್ಲ.

ಎರಡನೆಯ ಯಂತ್ರದವಳೂ ಪಟ್ಟಿ ಕಟ್ಟಿದ್ದಾಳೆ. ಹೇಳಿದೆ. ಬಿಚ್ಚುತ್ತೇನೆ ಅಂದಳು.

ಮೇ 6, ಮಂಗಳವಾರ

622. ವಿಶೇಷವೇನೂ ಇಲ್ಲ. ಕುಂಚದ ಕೂದಲು ಉದುರುತ್ತಿದೆ, ಹೊಸದು ತರಬೇಕು.

ಜೂನ್ 2, ಸೋಮವಾರ

760. ಆರೂ ಯಂತ್ರಗಳಿಗೆ ಪಟ್ಟಿ ಬಂದಿದೆ. ಎಲ್ಲರೂ ಕಟ್ಟಿಕೊಂಡ ಮೇಲೆ ಒಬ್ಬಳಿಗೆ ಬಿಚ್ಚು ಅನ್ನುವುದು ಹೇಗೆ? ತಂಗಿಗೆ ಮೆತ್ತನೆಯ ಬಟ್ಟೆಯ ಪಟ್ಟಿ ಹೊಲಿದು ಕೊಟ್ಟೆ. ಅವಳದ್ದು ಗುಂಡಿಯಿಂದ ಜಾರುತ್ತಿತ್ತು.

ನನ್ನನ್ನು ಪಾಳಿಯ ಮೇಲ್ವಿಚಾರಕಿ ಮಾಡಿದ್ದಾರೆ. ಯಾವ ಯಂತ್ರ ಯಾವಾಗ ನಿಲ್ಲಬೇಕು, ಯಾವಾಗ ರಿಪೇರಿ, ಎಲ್ಲ ಇನ್ನು ನನ್ನ ಸಹಿಯ ಮೇಲೆ. ಯಂತ್ರಗಳನ್ನು ನೋಡಿಕೊಳ್ಳುವ ಮುದುಕ, ಎಲ್ಲರ ಎಣ್ಣೆಜ್ಜ, "ಸಹಿ ಭಾರ ಇರುತ್ತೆ ತಾಯಿ, ಕೈ ಜೋಪಾನ" ಅಂದ. ಅಜ್ಜನ ಹಾಸ್ಯ ಯಾವಾಗಲೂ ಹೀಗೇ.

ಜುಲೈ 15, ಮಂಗಳವಾರ

ಇವತ್ತಿನದನ್ನು ಸಾವಕಾಶವಾಗಿ ಬರೆಯಬೇಕು.

ಮುಚ್ಚಳ ಕೊಳ್ಳುವವರು ಆಚೆಯಿಂದ ನೋಡಲು ಬಂದಿದ್ದರು. ಬೆಳಗ್ಗೆಯೇ ಪಟ್ಟಿಗಳನ್ನೆಲ್ಲ ಬಿಚ್ಚಿಸಿ ನನ್ನ ಮೇಜಿನ ಖಾನೆಗೆ ಹಾಕಿದ್ದೆ. ಬಂದವರ ಜೊತೆ ಎಪ್ಪತ್ತರ ಒಬ್ಬ ಮುದುಕಿ ಇದ್ದಳು. ಆಚೆ ಇದೇ ಯಂತ್ರದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳಂತೆ. ಯಂತ್ರ ಮಾರಿದ ದಿನ ಅವಳನ್ನೂ ಮನೆಗೆ ಕಳಿಸಿದ್ದರು. ಈಗ ಫೋಟೊ ತೆಗೆಸಲು ಕರೆತಂದಿದ್ದರು. ನಾಲ್ಕನೆಯ ಯಂತ್ರದ ಅಂಚಿನಲ್ಲಿ ಒಂದು ತಗ್ಗಿದೆ. ಅದನ್ನು ಕಂಡದ್ದೇ ತನ್ನ ಯಂತ್ರವೆಂದು ಗುರುತು ಹಿಡಿದು, ಕಣ್ಣು ತುಂಬಿಕೊಂಡು ಯಂತ್ರಕ್ಕೆ ಕೆನ್ನೆ ಒತ್ತಿದಳು. ತಂಗಿ ಫಕ್ಕನೆ ನಕ್ಕಳು, ಮುದುಕಿಯೂ ನಕ್ಕಳು. ಆಮೇಲೆ ತಂಗಿ ಊಟಕ್ಕೆ ಹೋದಳು. ಮುದುಕಿ, ದುಭಾಷಿ ಹುಡುಗಿ, ನಾನು, ಮೂವರೇ ಉಳಿದೆವು.

"ಆ ಕೆಂಪು ಅಂಕಿ ಏನು ಅಂತ ಕೇಳ್ತಿದಾರೆ" ಅಂದಳು ದುಭಾಷಿ.

"ಅವರದೇ. ಅವರು ಆಚೆ ಒತ್ತುತ್ತಾ ಇದ್ದಿದ್ದು."

ಮುದುಕಿ ಕೇಳಿಸಿಕೊಂಡು ಹಲಗೆ ನೋಡಿದಳು, ನನ್ನನ್ನು ನೋಡಿದಳು, ಗಡಗಡನೆ ಮಾತಾಡಿದಳು. ದುಭಾಷಿ ತಡೆದು ತಡೆದು ಹೇಳಿದಳು: "ನಾವಾ? ನಾವು 620 ದಾಟಿದ್ದೇ ಇಲ್ಲ ಅಂತಿದಾರೆ. 940 ಅನ್ನೋದು ಯಂತ್ರ ಮಾರೋನು ಫಲಕದ ಮೇಲೆ ಹಾಕಿದ ಅಂಕಿಯಂತೆ. ಒಂದು ಸಲ 850 ದಾಟಿಸಿ ನೋಡಿದ್ರಂತೆ. ಯಂತ್ರ ತಾನಾಗೇ ಎರಡನೇ ಸಲ ಬೀಳೋಕೆ ಶುರು ಮಾಡ್ತಂತೆ, ಗುಂಡಿ ಒತ್ತದೇ ಇದ್ರೂ. ಅವತ್ತೇ ನಿಲ್ಲಿಸಿದ್ರಂತೆ."

ಮುದುಕಿ ನನ್ನ ಕೈ ಹಿಡಿದು ಫಲಕದ ಪಕ್ಕದ ದಪ್ಪ ಬಣ್ಣದ ಮೇಲೆ ಇಟ್ಟಳು. ಅಲ್ಲಿ ಮೊಳೆಯಿಂದ 620 ಅಂತ ಗೀಚಿದವಳು ಅವಳೇ. ಹೊಸದಾಗಿ ಬರುವ ಹುಡುಗಿಯರಿಗೆ ತಿಳಿಯಲಿ ಅಂತ. ಮಾರುವ ಮುಂಚೆ ಯಾರೋ ಬಣ್ಣ ಬಳಿದಿದ್ದಾರೆ. ಆಮೇಲೆ ಎರಡೂ ಕೈ ಎತ್ತಿ ನನ್ನ ಮುಖದ ಮುಂದೆ ಬೆರಳು ಬಿಡಿಸಿ ಹಿಡಿದಳು. ಹತ್ತೂ ಇದ್ದವು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ನನಗೆ ಭಯವಾಗಿದೆ. ಆ ಅಂಕಿಯನ್ನು ಹುಡುಕಿದವಳು ನಾನು, ಬರೆದವಳು ನಾನು. ನಾವು ಅವರನ್ನು ಮೇ ತಿಂಗಳಲ್ಲೇ ಹಿಡಿದಿದ್ದೆವು. ನಾಳೆ ಬೆಳಗ್ಗೆ ಮೊದಲ ಕೆಲಸ, ಅದನ್ನು ಅಳಿಸುವುದು.

ಜುಲೈ 16, ಬುಧವಾರ

ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಮುಚ್ಚಿ ಬಂದು ಕೂತರು.

"ಸರಿ, 620 ಅಂತಾನೇ ಇಟ್ಕೊಳ್ಳಿ. ಹಾಗಾದ್ರೆ ನಾವು ಅವರ ಸಮಕ್ಕೆ ಬಂದು ಎರಡು ತಿಂಗಳು ಮೇಲಾಯ್ತು. ನಿಮ್ಮ ಮನೇಲಿ ಏನಾದ್ರೂ ಬದಲಾಯ್ತಾ? ನನ್ನ ಮನೇಲೂ ಇಲ್ಲ. ಈಗ ಹೊರಗೆ ಹೋಗಿ ಹೇಳಿ, ಕುರ್ಚಿ ಕೇಳ್ತಾರೆ, ರಜ ಕೇಳ್ತಾರೆ. ಎಲ್ಲಿಂದ ತರ್ಲಿ? ಮುಚ್ಚಳಕ್ಕೆ ಬೆಲೆ ಕಟ್ಟೋರು ಆಚೆಯವರು. ನಾವು ಹೆಚ್ಚು ಒತ್ತಿದಷ್ಟೂ ಅವರು ಬೆಲೆ ಇಳಿಸ್ತಾರೆ. ಇಳಿಸಿದಷ್ಟೂ ನಾವು ಹೆಚ್ಚು ಒತ್ತಬೇಕು. ನಿಲ್ಲಿಸಿದ್ರೆ ಇನ್ನೊಂದು ದೇಶ ಬಾಗಿಲಲ್ಲೇ ಕಾಯ್ತಾ ಇದೆ." ನೀರು ಕುಡಿದು ಮೆಲ್ಲಗೆ ಹೇಳಿದರು: "ಅಂಕಿ ತಪ್ಪು ಅಂದ್ರೆ, ಬರೆದೋರು ಯಾರು ಅಂತಾನೂ ಕೇಳ್ತಾರೆ. ನೋಡ್ಕೊಳ್ಳಿ."

ಕೆಟ್ಟ ಮನುಷ್ಯ ಅಲ್ಲ. ಅವರ ಕಣ್ಣಿನ ಕೆಳಗೂ ಕಪ್ಪಾಗಿದೆ.

ಮಧ್ಯಾಹ್ನ ಕುಂಚ ಹಿಡಿದು ಹಲಗೆಯ ಮುಂದೆ ನಿಂತೆ. 940ರ ಕೆಂಪು ಮಾಸಿತ್ತು. ಹೊಸ ಬಣ್ಣ ತುಂಬಿ ಬಂದೆ.

ಜುಲೈ 17, ಗುರುವಾರ

"ಆ ಅಜ್ಜಿ ನಿನ್ನ ಹತ್ರ ಅಷ್ಟು ಹೊತ್ತು ಏನಂದ್ಲು?" ಅಂತ ತಂಗಿ ಕೇಳಿದಳು. ಹೊಸ್ತಿಲ ಮೇಲೆ ಕೂತಿದ್ದಳು, ಆರನೆಯ ಬೆರಳಿಗೆ ಬಂದಿದ್ದಳು.

"ಚೆನ್ನಾಗಿ ಒತ್ತುತ್ತಾಳೆ ನಿನ್ನ ತಂಗಿ ಅಂದ್ಲು."

ಅವಳಿಗೆ ಖುಷಿಯಾಯಿತು. ಉಳಿದ ನಾಲ್ಕನ್ನು ಒಂದೇ ಉಸಿರಿಗೆ ಮುರಿದಳು.

ಆಗಸ್ಟ್ 8, ಶುಕ್ರವಾರ

868. 850 ದಾಟಿ ನಾಲ್ಕು ದಿನವಾಯಿತು. ಏನೂ ಆಗಿಲ್ಲ. ಆಚೆಯ ಮುದುಕಿ ಹೇಳಿದ್ದು ಹಳೆಯ ಕಾಲದ ಮಾತು, ಆಗ ಎಣ್ಣೆಯೂ ಈಗಿನಷ್ಟು ಚೆನ್ನಾಗಿರಲಿಲ್ಲವೇನೋ.

ಆಗಸ್ಟ್ 21, ಗುರುವಾರ

902. ನಾಲ್ಕನೆಯ ಯಂತ್ರ ಒಂದೇ 930 ಕೊಟ್ಟಿದೆ. ಎಲ್ಲರೂ ಈಗ ನನ್ನನ್ನು ಮೇಡಂ ಅನ್ನುತ್ತಾರೆ. ಹಲಗೆಯಕ್ಕ ಅಂದರೆ ಸ್ವಲ್ಪ ಸಲಿಗೆಯಾಗುತ್ತಿತ್ತು.

ಊಟದ ಬಿಡುವು ಹತ್ತು ನಿಮಿಷ ಇಳಿಸಿದೆ. ಅಮ್ಮ ಬುತ್ತಿ ಹಾಗೇ ವಾಪಸು ಬಂದದ್ದು ನೋಡಿ, "ತಿನ್ನೋಕೂ ಪುರುಸೊತ್ತಿಲ್ದೆ ಯಾರನ್ನ ಹಿಡಿಯೋಕೆ ಓಡ್ತಿದೀರಿ?" ಅಂದಳು. ಅವಳಿಗೆ ವಿವರಿಸುವಷ್ಟು ಹೊತ್ತಿಲ್ಲ.

ಸೆಪ್ಟೆಂಬರ್ 2, ಮಂಗಳವಾರ

931.

ಎಣ್ಣೆಜ್ಜ ಬಂದಿದ್ದ. "ಮೇಡಂ, ನಾಲ್ಕನೇದು ನಿನ್ನೆ ಎರಡು ಸಲ ತಾನಾಗೇ ಬಿತ್ತು. ಇವತ್ತೂ ಒಂದು ಸಲ. ಅಚ್ಚನ್ನ ಮೇಲೇ ತಡೆದಿಡೋ ಒಳಗಿನ ಹಿಡಿಕೆ ಸವೆದಿದೆ. ಎರಡು ದಿನ ನಿಲ್ಲಿಸಿ ಕೊಡಿ."

"ಎರಡು ದಿನ ನಿಲ್ಸಿದ್ರೆ ಸರಾಸರಿ ಎಲ್ಲಿಗೆ ಬರುತ್ತೆ ಗೊತ್ತಾ ಅಜ್ಜ? ಒಂಬತ್ತೇ ಬಾಕಿ. ಶನಿವಾರ ಮಾಡಿ."

"ಅಲ್ಲಿ ನಿಮ್ಮ ತಂಗಿ ಕೂತಿದಾಳೆ."

"ಕೂತಿಲ್ಲ, ನಿಂತಿದಾಳೆ. ಕುರ್ಚಿ ಬರ್ಬೇಕು ಅಂತಾನೇ ಈ ಪಾಡು" ಅಂದೆ. ಅಜ್ಜ ನಗಲಿಲ್ಲ. ಶನಿವಾರ ಅಂತ ಬರೆದು ಸಹಿ ಹಾಕಿದೆ.

ಸೆಪ್ಟೆಂಬರ್ 4, ಗುರುವಾರ

938. ನಾಲ್ಕನೆಯ ಯಂತ್ರ ಚೆನ್ನಾಗಿ ಓಡುತ್ತಿದೆ.

ಸೆಪ್ಟೆಂಬರ್ 5, ಶುಕ್ರವಾರ

ಇಂದು ಹಲಗೆ ಬರೆಯಲಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಶುಕ್ರವಾರ ಬೆಳಗ್ಗೆ ಹನ್ನೊಂದೂಕಾಲು ಗಂಟೆಗೆ ನಾಲ್ಕನೆಯ ಯಂತ್ರ ಎರಡನೇ ಸಲ ಬಿತ್ತು. ಬಲಗೈ. ತೋರು ಬೆರಳು, ನಡು ಬೆರಳು, ಉಂಗುರ ಬೆರಳು. ಅವಳು ಕಿರುಚಲಿಲ್ಲ. "ಅಕ್ಕಾ" ಅಂದಳು, ಊಟಕ್ಕೆ ಕರೆಯುವ ದನಿಯಲ್ಲಿ.

ಆಸ್ಪತ್ರೆಯಲ್ಲಿ ಎರಡು ದಿನ ಪಕ್ಕದಲ್ಲೇ ಇದ್ದೆ. ಅಮ್ಮ ಬಂದಳು, ಗೋಡೆಗೆ ಒರಗಿ ನಿಂತಳು, ಒಂದು ಗಾದೆಯೂ ಅವಳ ಬಾಯಿಂದ ಬರಲಿಲ್ಲ.

ಇಂದು ವರದಿ ಬರೆಯಬೇಕಾಯಿತು. ಕಾರ್ಖಾನೆಯಲ್ಲಿ ನೆಟ್ಟಗೆ ಬರೆಯಬಲ್ಲವಳು ನಾನೊಬ್ಬಳೇ. ಕಾರಣ ಎಂಬಲ್ಲಿ ಮ್ಯಾನೇಜರು ಹೇಳಿದ್ದನ್ನು ಬರೆದೆ: ಕೆಲಸಗಾರ್ತಿ ಸುರಕ್ಷತೆಯ ಗುಂಡಿಗೆ ಪಟ್ಟಿ ಕಟ್ಟಿದ್ದಳು. ಸುಳ್ಳಲ್ಲ, ಕಟ್ಟಿದ್ದಳು. ಪಟ್ಟಿಯನ್ನು ಸಾಕ್ಷಿಗೆಂದು ಲಕೋಟೆಯಲ್ಲಿಟ್ಟೆ. ನನ್ನ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು.

ಎಣ್ಣೆಜ್ಜ ಶನಿವಾರವೇ ರಿಪೇರಿ ಮಾಡಿದ್ದಾನೆ. ಎರಡು ದಿನ ಬೇಕು ಅಂದಿದ್ದ, ಒಂದೇ ದಿನ ಸಾಕಾಯಿತು. ನನ್ನ ಜೊತೆ ಮಾತು ಬಿಟ್ಟಿದ್ದಾನೆ. ವಯಸ್ಸಾಯಿತು ಅವನಿಗೂ.

ಸೆಪ್ಟೆಂಬರ್ 29, ಸೋಮವಾರ

940!

ಎಡಕ್ಕೂ ಬಲಕ್ಕೂ ಒಂದೇ ಅಂಕಿ. ಎರಡನೆಯ ಯಂತ್ರದವಳು ಅತ್ತುಬಿಟ್ಟಳು. ಚಪ್ಪಾಳೆ ನಿಂತ ಮೇಲೆ ಮ್ಯಾನೇಜರು ಸ್ಟೂಲು ಹತ್ತಿದರು. ಆಚೆ ಈಗ ಕೈಯೇ ಬೇಡದ ಹೊಸ ಯಂತ್ರ ಬಂದಿದೆಯಂತೆ, ಗಂಟೆಗೆ 4000. ಅಂಥದ್ದು ಒಂದು ನಮಗೂ ಬರಲಿದೆಯಂತೆ. "ಅಲ್ಲೀತನಕ ಇವೇ. ನಿಲ್ಲೋದು ಬೇಡ" ಅಂದರು. ಬಲಗಡೆ ಒರೆಸಿ 4000 ಬರೆದೆ. ಮೂರು ಸೊನ್ನೆ ಸಾಲಾಗಿ ಬರೆಯುವುದು ಸುಲಭವಲ್ಲ, ಒಂದರಂತೆ ಒಂದು ಇರಬೇಕು. ಎಲ್ಲರೂ ಬುತ್ತಿ ಎತ್ತಿಕೊಂಡು ಮನೆಗೆ ಹೋದರು.

ಕುರ್ಚಿ ಬಂದಿದೆ. ಒಂದು. ನನಗೆ.

ಅಕ್ಟೋಬರ್ 21, ಮಂಗಳವಾರ

ತಂಗಿಯನ್ನು ಮತ್ತೆ ಸೇರಿಸಿಕೊಂಡೆವು. ಹಗುರದ ಕೆಲಸ ಕೊಟ್ಟಿದ್ದೇನೆ, ಯಂತ್ರ ಒರೆಸುವುದು. ಎಡಗೈಯಲ್ಲಿ ಒರೆಸುತ್ತಾಳೆ. ಹೊಸ ಯಂತ್ರ ಬರುವ ತಿಂಗಳು ಗೊತ್ತಾಗಿದೆ. ಆಮೇಲೆ ಮೂವತ್ತರಲ್ಲಿ ಎಷ್ಟು ಜನ ಉಳಿಯುತ್ತಾರೋ, ಅದನ್ನು ಈಗ ಯೋಚಿಸಬಾರದು.

ಆಚೆಯ ಮುದುಕಿಯಿಂದ ಕಾಗದ ಬಂದಿತ್ತು, ತಂಗಿಯ ಹೆಸರಿಗೆ: ನಾಲ್ಕನೆಯ ಯಂತ್ರದ ಹುಡುಗಿಗೆ ಅಂತ. ಒಳಗೆ ಹಳೆಯ ಫೋಟೊ. ಮುದುಕಿ ಅದರಲ್ಲಿ ಇವಳದೇ ವಯಸ್ಸಿನವಳು, ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಳೆ. ಫಲಕದ ಪಕ್ಕದಲ್ಲಿ ಗೀಚಿದ ಅಂಕಿ ಸ್ಪಷ್ಟ ಕಾಣುತ್ತದೆ. ತಂಗಿ ಬಹಳ ಹೊತ್ತು ನೋಡಿದಳು.

"620 ಅಂದ್ರೇನಕ್ಕಾ?"

ನಾನು ಪಾತ್ರೆ ತೊಳೆಯುತ್ತಿದ್ದೆ. ನೀರಿನ ಸದ್ದಿತ್ತು. ಅವಳು ಫೋಟೊ ಹಿಡಿದು ಹೊರಗೆ ಹೋದಳು.

ಹೊಸ್ತಿಲಿನಿಂದ ನೆಟಿಗೆಯ ಸದ್ದು ಬಂತು. ಏಳು.

ನವೆಂಬರ್ 6, ಗುರುವಾರ

ಆರು ಯಂತ್ರಗಳೂ ಮಾರಾಟವಾಗಿವೆ. ನಾಳೆ ಲಾರಿ ಬರುತ್ತದೆ. ಕೊಂಡವರು ನಮಗಿಂತ ಬಡ ದೇಶದವರು. ಅದರ ಹೆಸರನ್ನು ಮ್ಯಾನೇಜರು ಎರಡು ಸಲ ತಪ್ಪಾಗಿ ಹೇಳಿದರು. ಅವರು ಒಂದೇ ಒಂದು ಪ್ರಶ್ನೆ ಕಳಿಸಿದ್ದಾರೆ: ನೀವು ಗಂಟೆಗೆ ಎಷ್ಟು ಒತ್ತುತ್ತಿದ್ದಿರಿ?

"ನೋಡಿದ್ರಾ ಮೇಡಂ, ಅವರ ಪಾಲಿಗೆ ಈಗ ನಾವೇ ಆಚೆಯವರು!" ಅಂತ ಮ್ಯಾನೇಜರು ನಕ್ಕರು. ನನಗೂ ನಗು ಬಂತು. ಉತ್ತರ ನಾನೇ ಬರೆದೆ: 940. ಸುಳ್ಳಲ್ಲ, ಹಲಗೆಯ ಮೇಲೆ ಎಲ್ಲರೂ ನೋಡಿದ್ದಾರೆ.

ಮಧ್ಯಾಹ್ನ ಕೊನೆಯ ಪರೀಕ್ಷೆಗೆ ಹೋದೆ. ನಾಲ್ಕನೆಯ ಯಂತ್ರದ ಫಲಕದ ಪಕ್ಕದಲ್ಲಿ ಹಳೆಯ ಹಸಿರು ಬಣ್ಣವನ್ನು ಕೆರೆದು ಯಾರೋ ಮೊಳೆಯಿಂದ ಗೀಚಿದ್ದಾರೆ: 620. ಎಡಗೈಯ ಬರಹ. ಎರಡರ ಅಂಕಿ ವಾಲಿದೆ, ಸೊನ್ನೆಯ ಬಾಯಿ ಕೂಡಿಲ್ಲ. ಅಡಿಯಲ್ಲಿ ಏಳು ಗೆರೆ ಎಳೆದಿದ್ದಾರೆ, ಪಕ್ಕದಲ್ಲಿ ಮೂರು ಚುಕ್ಕೆ.

ಮಾರಿದ ಸಾಮಾನನ್ನು ಹೀಗೆ ಕಳಿಸಲಾಗುವುದಿಲ್ಲ. ಹಸಿರು ಬಣ್ಣ ತರಿಸಿದೆ. ಬೇರೆಯವರಿಗೆ ಕೊಟ್ಟರೆ ಅಂಚು ಕೆಡಿಸುತ್ತಾರೆ, ನಾನೇ ಬಳಿದೆ. ಒಂದು ಪದರ, ಆರಿದ ಮೇಲೆ ಇನ್ನೊಂದು. ಅವಳು ಪಕ್ಕದ ಯಂತ್ರ ಒರೆಸುತ್ತ ನೋಡುತ್ತಿದ್ದಳು. ಬಹಳ ಆಳವಾಗಿ ಗೀಚಿದ್ದಾರೆ, ಬೆರಳಿಗೆ ಇನ್ನೂ ತಾಗುತ್ತದೆ. ನಾಳೆ ಬೇಗ ಹೋಗಿ, ಲಾರಿ ಬರುವ ಮುಂಚೆ ಮೂರನೆಯ ಪದರ ಬಳಿಯಬೇಕು.